ಮಗು ವಾರ್ಡಿನಲ್ಲಿದ್ದಾಗ: ಅಪ್ಪ ಅಮ್ಮ ಪದೇ ಪದೇ ಕೇಳುವ ಪ್ರಶ್ನೆಗಳು

ಯಾವ ಔಷಧ, ಯಾವ ಆಪರೇಷನ್ ಎಂಬುದನ್ನು ನಿಮ್ಮ ವೈದ್ಯರೇ ಹೇಳಬೇಕು. ರಾಯಚೂರಿನಿಂದಲೋ ಚಾಮರಾಜನಗರದಿಂದಲೋ ಮಗುವನ್ನು ಎತ್ತಿಕೊಂಡು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಬಂದವರು ರೌಂಡ್ಸಿನ ಹೊತ್ತಿನಲ್ಲಿ ಕೇಳಲು ಹಿಂಜರಿದು, ಆಮೇಲೆ ನರ್ಸ್ ಹತ್ತಿರ, ಆಯಾ ಹತ್ತಿರ, ಪಕ್ಕದ ಹಾಸಿಗೆಯ ತಾಯಿಯ ಹತ್ತಿರ ಕೇಳುವ ಪ್ರಶ್ನೆಗಳು ಇಲ್ಲಿವೆ. ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಾಗಲಿ, ವಾಣಿವಿಲಾಸವಾಗಲಿ, ಕಿದ್ವಾಯಿಯ ಮಕ್ಕಳ ವಿಭಾಗವಾಗಲಿ, ಪ್ರಶ್ನೆಗಳು ಹೆಚ್ಚುಕಡಿಮೆ ಇವೇ.

ಆಸ್ಪತ್ರೆಗೆ ಅಂತ ಮಗುವಿಗೆ ಮೊದಲೇ ಹೇಳಬೇಕಾ? ಮಾಮನ ಮನೆಗೆ ಅಂತ ಹೇಳಿ ಕರೆತಂದರೆ ಆಗದಾ?

ಆಗದು. ಬಸ್ಸಿನಲ್ಲಿ ಅಳು ತಪ್ಪುತ್ತದೆ, ನಿಜ. ಆದರೆ ಗೇಟಿನ ಹತ್ತಿರ ಮಗುವಿಗೆ ಗೊತ್ತಾಗುತ್ತದೆ, ಅಲ್ಲಿಂದ ಮುಂದೆ ನೀವು ಏನು ಹೇಳಿದರೂ ಅದು ನಂಬುವುದಿಲ್ಲ. ನಾಳೆ "ಇವತ್ತು ಸೂಜಿ ಇಲ್ಲ" ಎಂದು ನಿಜವನ್ನೇ ಹೇಳಿದರೂ ಕಿರುಚುತ್ತದೆ.

ಎಷ್ಟು ಮುಂಚೆ ಹೇಳಬೇಕು ಎಂಬುದು ವಯಸ್ಸಿನ ಮೇಲೆ. ಮೂರು ವರ್ಷದೊಳಗಿನವರಿಗೆ ಹೊರಡುವ ದಿನ ಬೆಳಿಗ್ಗೆ ಸಾಕು. ನಾಲ್ಕರಿಂದ ಆರರವರಿಗೆ ಒಂದೆರಡು ದಿನ ಮುಂಚೆ. ಏಳು ದಾಟಿದವರಿಗೆ ವಾರದ ಮುಂಚೆ, ಏಕೆಂದರೆ ಅವರಿಗೆ ಪ್ರಶ್ನೆ ಕೇಳಲು ಸಮಯ ಬೇಕು. ಹೇಳಬೇಕಾದ್ದು ಮೂರೇ: ಯಾಕೆ, ಎಷ್ಟು ದಿನ, ಜೊತೆಗೆ ಯಾರು. "ಹೊಟ್ಟೆ ನೋಯ್ತದಲ್ಲ, ಯಾಕೆ ಅಂತ ನೋಡಿಸೋಕೆ ಹೋಗ್ತೀವಿ. ನಾಲ್ಕು ರಾತ್ರಿ ಅಲ್ಲೇ ಮಲಗ್ತೀವಿ. ನಾನೂ ನಿನ್ನ ಪಕ್ಕದಲ್ಲೇ ಇರ್ತೀನಿ." ಚಿಕ್ಕ ಮಕ್ಕಳಿಗೆ ದಿನದ ಲೆಕ್ಕ ಸಿಗುವುದಿಲ್ಲ, ರಾತ್ರಿಯ ಲೆಕ್ಕ ಸಿಗುತ್ತದೆ. ಆದ್ದರಿಂದ ರಾತ್ರಿಗಳಲ್ಲೇ ಹೇಳಿ.

ಮಾತಿನ ಆಯ್ಕೆಯಲ್ಲೂ ಎಚ್ಚರ ಬೇಕು. "ಹೊಟ್ಟೆ ಕೊಯ್ತಾರೆ" ಎಂದು ದೊಡ್ಡವರು ಸಲೀಸಾಗಿ ಆಡುತ್ತಾರೆ. ಮನೆಯಲ್ಲಿ ಕೋಳಿ ಕೊಯ್ಯುವುದನ್ನು ಕಂಡ ಮಗುವಿಗೆ ಆ ಮಾತು ಹೇಗೆ ಕೇಳಿಸೀತು? "ಒಳಗೆ ಕೆಟ್ಟಿರೋದನ್ನ ಸರಿ ಮಾಡ್ತಾರೆ, ಆಗ ನಿನಗೆ ಏನೂ ಗೊತ್ತಾಗದ ಹಾಗೆ ಔಷಧಿ ಕೊಟ್ಟಿರ್ತಾರೆ" ಎನ್ನಿ. "ರಕ್ತ ತೆಗೀತಾರೆ" ಎಂದರೆ ಇದ್ದಬದ್ದ ರಕ್ತವೆಲ್ಲ ಹೋಗುತ್ತದೆ ಎಂದುಕೊಳ್ಳುವವರಿದ್ದಾರೆ. "ಒಂದು ಚಮಚದಷ್ಟು" ಎಂದು ಸೇರಿಸಿ.

ಇನ್ನೊಂದು. ನಾಲ್ಕರಿಂದ ಆರು ವರ್ಷದ ಮಕ್ಕಳು ಕಾಯಿಲೆಯನ್ನು ಶಿಕ್ಷೆ ಎಂದುಕೊಳ್ಳುತ್ತಾರೆ. "ಮಾತು ಕೇಳದಿದ್ದರೆ ಡಾಕ್ಟರ್ ಸೂಜಿ ಚುಚ್ತಾರೆ" ಎಂದು ಊಟ ಮಾಡಿಸಿದ ಮನೆಯಲ್ಲಿ ಆ ಭಾವನೆ ಇನ್ನೂ ಗಟ್ಟಿ. "ನೀನು ಏನೋ ತಪ್ಪು ಮಾಡಿದ್ದಕ್ಕೆ ಬಂದದ್ದಲ್ಲ" ಎಂದು ಬಾಯಿಬಿಟ್ಟು ಹೇಳಬೇಕು, ಮಗು ಕೇಳದಿದ್ದರೂ.

ಸೂಜಿ ನೋಯಲ್ಲ ಅಂದರೆ ತಪ್ಪೇನು? ನೋವು ಕಡಿಮೆ ಮಾಡುವ ದಾರಿ ನಿಜಕ್ಕೂ ಇದೆಯೇ?

ನೋಯುತ್ತದೆ, ಹಾಗಾಗಿ ನೋಯಲ್ಲ ಎನ್ನಬೇಡಿ. "ಚುರ್ ಅನ್ನುತ್ತೆ, ಹತ್ತು ಎಣಿಸೋಷ್ಟರಲ್ಲಿ ಮುಗಿಯುತ್ತೆ" ಎನ್ನಿ. ದಾರಿಗಳಿವೆ, ಕೆಲವಕ್ಕೆ ಖರ್ಚೂ ಇಲ್ಲ.

ಮರಗಟ್ಟಿಸುವ ಮುಲಾಮು: ಲಿಡೊಕೇನ್ ಮತ್ತು ಪ್ರಿಲೊಕೇನ್ ತಲಾ ಶೇ. 2.5 ಇರುವ ಕ್ರೀಮ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ನಿಮ್ಮ ಮಗುವಿಗೆ ಹಚ್ಚಬಹುದೇ, ಎಷ್ಟು ಎಂದು ವೈದ್ಯರನ್ನು ಕೇಳಿ. ಎಳೆಗೂಸುಗಳಿಗೆ ಪ್ರಮಾಣ ಹೆಚ್ಚಾದರೆ ರಕ್ತ ಆಮ್ಲಜನಕ ಸಾಗಿಸುವುದಕ್ಕೇ ತೊಂದರೆಯಾಗುತ್ತದೆ. ನಾಣ್ಯದಷ್ಟು ಅಗಲಕ್ಕೆ ದಪ್ಪವಾಗಿ ಇಟ್ಟು, ಮೇಲೆ ಪಾರದರ್ಶಕ ಪಟ್ಟಿ ಅಂಟಿಸಿ, 60 ನಿಮಿಷ ಬಿಡಬೇಕು. ಕೆಲಸ ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ಒಂದು, ಹದಿನೈದು ನಿಮಿಷಕ್ಕೇ ಒರೆಸಿ ಚುಚ್ಚುವುದು. ಆಗ ಹಚ್ಚಿದ್ದೂ ದಂಡ, "ಕ್ರೀಮಿನಿಂದ ಏನೂ ಆಗಲ್ಲ" ಎಂಬ ಹೆಸರೂ ಬರುತ್ತದೆ. ಎರಡು, ನೋವಿನ ಮುಲಾಮಿನ ಹಾಗೆ ತಿಕ್ಕುವುದು. ಮೂರು, ಒಂದೇ ಕಡೆ ಹಚ್ಚುವುದು. ಅಲ್ಲಿ ನರ (ರಕ್ತನಾಳ) ಸಿಗದಿದ್ದರೆ ಎಲ್ಲ ವ್ಯರ್ಥ. ವೈದ್ಯರು ಒಪ್ಪಿದರೆ ಮುಂಗೈ ಹಿಂಭಾಗ ಮತ್ತು ಮೊಣಕೈ ಮಡಿಕೆ, ಎರಡೂ ಕಡೆ ಹಚ್ಚಿಸಿ. ಒರೆಸಿದ ಮೇಲೆ ಚರ್ಮ ಬಿಳಿಚಿ ನರ ಸಣ್ಣಗಾಗಿ ಕಾಣಬಹುದು, ಐದು ನಿಮಿಷ ಬಿಟ್ಟರೆ ಸರಿಹೋಗುತ್ತದೆ. ತುರ್ತು ಇದ್ದಾಗ ಇದಕ್ಕಾಗಿ ಕಾಯುವಂತಿಲ್ಲ.

ಹಾಲು ಕುಡಿಯುವ ಕೂಸಿಗೆ ಸೂಜಿಯ ನೋವಿಗೆ ಎದೆಹಾಲೂ ಒಳ್ಳೆಯ ನಿವಾರಕ. ಚುಚ್ಚುವ ಮೊದಲೇ ಕುಡಿಸಲು ಶುರುಮಾಡಿ, ಚುಚ್ಚುವಾಗಲೂ ನಿಲ್ಲಿಸಬೇಡಿ. ಹಾಲು ಕೊಡುವಂತಿಲ್ಲದಿದ್ದರೆ ವಾರ್ಡಿನವರು ಸಕ್ಕರೆ ದ್ರಾವಣದ ಹನಿಗಳನ್ನು ನಾಲಿಗೆಯ ಮೇಲೆ ಬಿಡುತ್ತಾರೆ. ಅದು ಚುಚ್ಚುವ ಎರಡು ನಿಮಿಷ ಮುಂಚೆ ಆಗಬೇಕು, ಚುಚ್ಚಿದ ಮೇಲೆ ಕೊಡುವುದು ಬರೀ ಸಮಾಧಾನಕ್ಕೆ.

ಹಿಡಿಯುವ ರೀತಿ: ನಾಲ್ಕು ಜನ ಸೇರಿ ಮಗುವನ್ನು ಅಂಗಾತ ಮಲಗಿಸಿ ಅದುಮುವುದು ನಮ್ಮ ವಾರ್ಡುಗಳ ಹಳೆಯ ಅಭ್ಯಾಸ. ಅಂಗಾತ ಬಿದ್ದ ಮಗುವಿಗೆ ಸೂಜಿಗಿಂತ ಆ ಕೈಗಳೇ ಹೆಚ್ಚು ಭಯ. ಅದರ ಬದಲು ನೀವು ಕುರ್ಚಿಯಲ್ಲಿ ಕುಳಿತು, ಮಗುವನ್ನು ನಿಮ್ಮ ಕಡೆ ಮುಖ ಮಾಡಿ ತೊಡೆಯ ಮೇಲೆ ಕೂರಿಸಿ, ಎದೆಗೆ ಎದೆ ತಾಗುವಂತೆ ತಬ್ಬಿ. ಚುಚ್ಚಬೇಕಾದ ತೋಳು ನಿಮ್ಮ ಕಂಕುಳ ಕೆಳಗಿಂದ ಹಿಂದಕ್ಕೆ ಬರಲಿ, ನರ್ಸ್ ಅಲ್ಲಿ ಕೆಲಸ ಮಾಡಲಿ. ಮಗು ನಿಮ್ಮ ಭುಜದ ಮೇಲಿಂದ ಮೊಬೈಲ್ ನೋಡಬಹುದು, ಗಿರಗಿಟ್ಟಲೆ ಊದಬಹುದು. ಊದುವುದು ಬರೀ ಆಟವಲ್ಲ: ಉದ್ದಕ್ಕೆ ಉಸಿರು ಬಿಡುವಾಗ ಮೈ ಬಿಗಿ ಸಡಿಲುತ್ತದೆ. ಸೋಪಿನ ಗುಳ್ಳೆಯ ಡಬ್ಬಿ ಕಿಸೆಯಲ್ಲಿರಲಿ.

ಆ ಹೊತ್ತಿನಲ್ಲಿ ಒಬ್ಬರೇ ಮಾತಾಡಿ. ಅಜ್ಜಿ ಒಂದು ಕಡೆ, ಅಪ್ಪ ಒಂದು ಕಡೆ, ನರ್ಸ್ ಒಂದು ಕಡೆ ಕೂಗಿದರೆ ಮಗುವಿಗೆ ಯಾವುದೂ ಕೇಳಿಸುವುದಿಲ್ಲ. "ಚುಚ್ಚಲಾ?" ಎಂದು ಕೇಳಬೇಡಿ, ಬೇಡ ಎಂದೇ ಉತ್ತರ ಬರುತ್ತದೆ, ಆಮೇಲೆ ಚುಚ್ಚಿದರೆ ಕೇಳಿದ್ದೇ ಮೋಸ. "ಎಡಗೈಯೋ ಬಲಗೈಯೋ" ಎಂದು ಕೇಳಿ, ಅದೂ ಎರಡೂ ಕೈ ಆದೀತು ಎಂದು ನರ್ಸ್ ಹೇಳಿದಾಗ ಮಾತ್ರ. "ಗಂಡುಮಗ ಅಳ್ತಾರೇನೋ" ಬೇಡವೇ ಬೇಡ. ಅಳಲಿ. ಕೈ ಅಲ್ಲಾಡಿಸದಿದ್ದರೆ ಸಾಕು, ಅದನ್ನೇ ಹೊಗಳಿ.

ಒಬ್ಬರೇ ಎರಡು ಸಲ ಚುಚ್ಚಿಯೂ ನರ ಸಿಗದಿದ್ದರೆ "ಸಿಸ್ಟರ್, ಇನ್ನೊಬ್ಬರು ನೋಡಬಹುದಾ?" ಎಂದು ಕೇಳುವುದು ಉದ್ಧಟತನವಲ್ಲ.

ಮೊಬೈಲ್ ಕೊಟ್ಟುಬಿಟ್ಟರೆ ಇಡೀ ದಿನ ಸುಮ್ಮನಿರುತ್ತಾನೆ. ಪರವಾಗಿಲ್ಲವೇ?

ಬೆಳಗಿನಿಂದ ನೋಡಿದ ವಿಡಿಯೊ ಸಂಜೆ ಡ್ರೆಸ್ಸಿಂಗ್ ಬದಲಿಸುವಾಗ ಮಗುವಿನ ಗಮನ ಹಿಡಿಯುವುದಿಲ್ಲ. ಒಂದು ಇಷ್ಟದ ವಿಡಿಯೊವನ್ನು ಸೂಜಿ, ಡ್ರೆಸ್ಸಿಂಗ್ ಹೊತ್ತಿಗೆಂದೇ ಎತ್ತಿಡಿ. ಉಳಿದ ಸಮಯಕ್ಕೆ ಬಣ್ಣದ ಪೆನ್ಸಿಲ್, ಪಗಡೆ, ಚೌಕಾಬಾರ. ತೊಳೆಯಲು ಬರುವ ಆಟಿಕೆಯೇ ಇರಲಿ. ಕೂದಲಿನ ಗೊಂಬೆ ಧೂಳು ಹಿಡಿಯುತ್ತದೆ.

ಆಪರೇಷನ್ ಮುಂಚೆ ಎಷ್ಟು ಹೊತ್ತು ಉಪವಾಸ? ಒಂದು ಬಿಸ್ಕತ್ತು ಕೊಟ್ಟರೆ ಏನಾಗುತ್ತೆ?

ಸಾಮಾನ್ಯ ಲೆಕ್ಕ ಹೀಗಿದೆ. ಅನ್ನ, ಇಡ್ಲಿ, ಬಿಸ್ಕತ್ತು, ಹಸುವಿನ ಹಾಲು, ಡಬ್ಬಿ ಹಾಲು: 6 ಗಂಟೆ ಮುಂಚೆ ನಿಲ್ಲಬೇಕು. ಎದೆಹಾಲು: 4 ಗಂಟೆ. ತಿಳಿನೀರು, ಸಕ್ಕರೆ ನೀರು: 2 ಗಂಟೆ, ಕೆಲವು ಕಡೆ 1 ಗಂಟೆಯವರೆಗೂ ಬಿಡುತ್ತಾರೆ. ಗಂಜಿ, ಮಜ್ಜಿಗೆ, ಹಾಲು ಹಾಕಿದ ಚಹಾ ನೀರಿನ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಮಗುವಿಗೆ ಅರಿವಳಿಕೆ ವೈದ್ಯರು ಹೇಳಿದ ಗಂಟೆಯೇ ಕೊನೆಯ ಮಾತು.

ಕಾರಣ ಇಷ್ಟೇ: ಅರಿವಳಿಕೆಯಲ್ಲಿ ಗಂಟಲಿನ ಕಾವಲು ಕೆಲಸ ಮಾಡುವುದಿಲ್ಲ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಅರ್ಧ ಬಿಸ್ಕತ್ತು ಕೊಟ್ಟಿದ್ದರೂ ಮುಚ್ಚಿಡಬೇಡಿ. ಹೇಳಿದರೆ ಆಪರೇಷನ್ ಮುಂದಕ್ಕೆ ಹೋಗುತ್ತದೆ, ಬೈಗುಳವೂ ಸಿಗಬಹುದು. ಮುಚ್ಚಿಟ್ಟರೆ ಮಗುವಿನ ಜೀವಕ್ಕೆ ಅಪಾಯ. ಬಿಸ್ಕತ್ತು ಕೊಡುವವರು ಬಹಳ ಸಲ ಪಕ್ಕದ ಹಾಸಿಗೆಯವರು, ಪಾಪ, ಕನಿಕರದಿಂದ. ಹಾಗಾಗಿ "ಏನೂ ಕೊಡಬೇಡಿ" ಎಂದು ಚೀಟಿ ಬರೆದು ಹಾಸಿಗೆಗೆ ಅಂಟಿಸಿ.

ಇದರ ಇನ್ನೊಂದು ಮಗ್ಗುಲೂ ಇದೆ. "ರಾತ್ರಿ ಹನ್ನೆರಡರಿಂದ ಏನೂ ಇಲ್ಲ" ಎಂದು ಎಲ್ಲರಿಗೂ ಒಂದೇ ಮಾತು ಹೇಳಿ, ಮಗುವಿನ ಸರದಿ ಮಧ್ಯಾಹ್ನ ಎರಡಕ್ಕೆ ಬಂದರೆ ಹದಿನಾಲ್ಕು ಗಂಟೆ ಹಸಿವು ಬಾಯಾರಿಕೆ. ಬೆಳಿಗ್ಗೆಯೇ ಕೇಳಿ: "ನಮ್ಮದು ಪಟ್ಟಿಯಲ್ಲಿ ಎಷ್ಟನೆಯದು? ಎಷ್ಟು ಗಂಟೆಯವರೆಗೆ ನೀರು ಕೊಡಬಹುದು?" ಸರದಿ ಹಿಂದಕ್ಕೆ ಹೋದರೆ ಮತ್ತೆ ಕೇಳಿ.

ಆಪರೇಷನ್ ಆದಮೇಲೆ ಎದ್ದವಳು ನನ್ನನ್ನೇ ಗುರುತಿಸದೆ ಒದ್ದು ಕಿರುಚಿದಳು. ತಲೆಗೆ ಏನಾದರೂ ಆಯಿತೇ?

ಅರಿವಳಿಕೆಯಿಂದ ಏಳುವಾಗ ಇದು ಸಾಮಾನ್ಯ, ಐದಾರು ವರ್ಷದೊಳಗಿನವರಲ್ಲಿ ಹೆಚ್ಚು. ಕಣ್ಣು ತೆರೆದಿರುತ್ತದೆ, ಮಗು ಎಚ್ಚರವಾಗಿರುವುದಿಲ್ಲ. ಬಹಳಷ್ಟು ಮಕ್ಕಳಲ್ಲಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ, ಆಮೇಲೆ ಅವರಿಗೆ ನೆನಪೂ ಇರುವುದಿಲ್ಲ. ಅಲುಗಾಡಿಸಿ ಎಬ್ಬಿಸಬೇಡಿ. ಡ್ರಿಪ್ ಇರುವ ಕೈಯನ್ನು ಕಾಯ್ದುಕೊಳ್ಳಿ, ದೀಪ ಮಂದ ಮಾಡಿಸಿ, ಒಂದೇ ದನಿಯಲ್ಲಿ ಹೆಸರು ಹೇಳುತ್ತಿರಿ. ನೋವಿನಿಂದಲೂ ಹೀಗೆ ಆಗಬಹುದು, ಅದನ್ನು ನರ್ಸ್ ನೋಡಬೇಕು, ಹಾಗಾಗಿ ಕರೆಯಿರಿ.

ತಾಯತ, ದಾರ, ದೃಷ್ಟಿಬೊಟ್ಟು ತೆಗೆಯಬೇಕಂತೆ. ತೆಗೆಯಲು ಮನಸ್ಸಿಲ್ಲ.

ಎಲ್ಲವನ್ನೂ ಯಾವಾಗಲೂ ತೆಗೆಯಬೇಕೆಂದಿಲ್ಲ. ಎಂಆರ್‌ಐ ಕೋಣೆಗೆ ಲೋಹ ಹೋಗುವಂತಿಲ್ಲ, ಅದು ದೊಡ್ಡ ಅಯಸ್ಕಾಂತ. ತಾಮ್ರದ ತಾಯತ, ಬೆಳ್ಳಿ ಉಡಿದಾರ, ಕಾಲ್ಗೆಜ್ಜೆ, ಅಂಗಿಯ ಪಿನ್ನು ಎಲ್ಲ ಹೊರಗೆ. ಆಪರೇಷನ್ ಜಾಗದಲ್ಲೂ, ಡ್ರಿಪ್ ಇರುವ ಕೈಯಲ್ಲೂ ದಾರ ಬೇಡ: ಕೈ ಊದಿಕೊಂಡರೆ ಬಿಗಿಯುತ್ತದೆ, ಒದ್ದೆಯಾದ ದಾರದಲ್ಲಿ ಸೋಂಕು ಕೂರುತ್ತದೆ. "ಸಿಸ್ಟರ್, ಎಡಗಾಲಿಗೆ ಕಟ್ಟಬಹುದಾ?" ಎಂದರೆ ಹಲವು ಸಲ ಒಪ್ಪುತ್ತಾರೆ. ಇಲ್ಲವಾದರೆ ಹೊಸ ಪ್ಲಾಸ್ಟಿಕ್ ಕವರಿನಲ್ಲಿಟ್ಟು ದಿಂಬಿನಡಿ ಇಡಿ. ಕತ್ತರಿಯಿಂದ ಕತ್ತರಿಸಿ ಕಸದ ಬುಟ್ಟಿಗೆ ಹಾಕಿದ ದಾರ ಆ ತಾಯಿಯ ಧೈರ್ಯವನ್ನೂ ಕತ್ತರಿಸಿರುತ್ತದೆ. ವಾರ್ಡಿನವರೂ ಇದನ್ನು ತಿಳಿಯಬೇಕು. ಬಾಯಿಗೆ ಹಾಕುವ ತೀರ್ಥ, ಬೂದಿ, ನಾಟಿ ಮದ್ದು ಬೇರೆ ವಿಷಯ. ಅವನ್ನು ಕೇಳದೆ ಕೊಡಬೇಡಿ.

ಕೂಸು ಗಾಜಿನ ಪೆಟ್ಟಿಗೆಯಲ್ಲಿದೆ. ಮುಟ್ಟಿದರೆ ಸೋಂಕಾಗುತ್ತಾ?

ಕೈ ತೊಳೆದು ಮುಟ್ಟದಿದ್ದರೇ ನಷ್ಟ. ಉಂಗುರ, ಬಳೆ ತೆಗೆದು, ಮೊಣಕೈವರೆಗೆ ಸೋಪಿನಿಂದ ತೊಳೆಯಿರಿ. ಅವಧಿ ತುಂಬದೆ ಹುಟ್ಟಿದ ಕೂಸಿಗೆ ಬೆರಳ ತುದಿಯಲ್ಲಿ ಸವರುವುದು ಹಿಂಸೆ. ಒಂದು ಅಂಗೈ ತಲೆಯ ಮೇಲೆ, ಇನ್ನೊಂದು ಪಾದದ ಮೇಲೆ ಅಲುಗದೆ ಇಡುವುದು ಹಿತ.

ವೈದ್ಯರು ಒಪ್ಪಿದ ದಿನವೇ ಕಾಂಗರೂ ಆರೈಕೆ, ಅಂದರೆ ಕೂಸನ್ನು ಬರಿಯ ಎದೆಗೆ ಒತ್ತಿ ಇಟ್ಟುಕೊಳ್ಳುವುದನ್ನು, ಶುರುಮಾಡಿ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ (ಈ ಗಾಜಿನ ಪೆಟ್ಟಿಗೆ) ಸಾಲದೆ ಹುಟ್ಟಿಕೊಂಡ ಪದ್ಧತಿ ಇದು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 8ರಿಂದ 24 ಗಂಟೆ ಹೀಗೆ ಇಟ್ಟುಕೊಳ್ಳಿ ಎಂದಿತು. ಕೂಸಿಗೆ ಟೋಪಿ, ಕಾಲುಚೀಲ, ಡೈಪರ್ ಮಾತ್ರ. ಬರಿಯ ಎದೆಯ ಮೇಲೆ ನೆಟ್ಟಗೆ, ಕಪ್ಪೆಯ ಹಾಗೆ ಕಾಲು ಮಡಿಸಿ, ಮುಖ ಒಂದು ಪಕ್ಕಕ್ಕೆ. ಕತ್ತು ಮುಂದಕ್ಕೆ ಬಾಗಿದರೆ ಉಸಿರು ಕಟ್ಟುತ್ತದೆ, ಮೂಗು ಬಾಯಿ ಸದಾ ಕಾಣುತ್ತಿರಲಿ. ಒಮ್ಮೆ ಇಟ್ಟುಕೊಂಡರೆ ಒಂದು ಗಂಟೆಗೆ ಕಡಿಮೆ ಬೇಡ. ಹೊರತೆಗೆದು ಒಳಗಿಡುವುದೇ ಕೂಸಿಗೆ ಸುಸ್ತು. ಸಿಸೇರಿಯನ್ ಆದ ತಾಯಿ ಬೇರೆ ಆಸ್ಪತ್ರೆಯಲ್ಲಿದ್ದರೆ ಅಪ್ಪ, ಅಜ್ಜಿ, ಚಿಕ್ಕಮ್ಮ ಯಾರ ಎದೆಯಾದರೂ ಆದೀತು. ಅಪ್ಪಂದಿರು ನಾಚಿಕೊಳ್ಳುತ್ತಾರೆ. ಮೊದಲ ಹತ್ತು ನಿಮಿಷ ಅಷ್ಟೇ.

ಮಗು ಅಳುತ್ತಿಲ್ಲ. ನೋವಿಲ್ಲ ಅಂತಲೇ ತಾನೆ?

ಅಲ್ಲ. ಬಹಳ ನೋವಿರುವ ಮಗು ಅಲ್ಲಾಡದೆ ಮಲಗಿರುತ್ತದೆ, ಅಲ್ಲಾಡಿದರೆ ಇನ್ನಷ್ಟು ನೋಯುತ್ತದೆ ಎಂದು. ಮಾತು ಬಾರದವರಲ್ಲಿ ನರ್ಸುಗಳು ಐದು ವಿಷಯ ನೋಡುತ್ತಾರೆ: ಮುಖ, ಕಾಲು, ಚಲನೆ, ಅಳು, ಸಮಾಧಾನಕ್ಕೆ ಬಗ್ಗುತ್ತದೆಯೇ ಎಂಬುದು. ಪ್ರತಿಯೊಂದಕ್ಕೂ 0, 1, 2 ಅಂಕ, ಒಟ್ಟು 10. ಮೂರು ದಾಟಿದವರಿಗೆ ನಗುಮುಖದಿಂದ ಅಳುಮುಖದವರೆಗಿನ ಚಿತ್ರಪಟ್ಟಿ, ಎಂಟು ದಾಟಿದವರಿಗೆ ಸೊನ್ನೆಯಿಂದ ಹತ್ತು.

ನಮ್ಮ ಭಾಷೆಯೂ ಇಲ್ಲಿ ಕೆಲಸಕ್ಕೆ ಬರುತ್ತದೆ. "ನೋವಾ?" ಎಂದಷ್ಟೇ ಕೇಳಬೇಡಿ. ಉರಿಯಾ, ಚುಚ್ಚೋದಾ, ಹಿಂಡೋ ಹಾಗಾ, ಸೆಳೆತವಾ, ಜೋಮಾ ಎಂದು ಕೇಳಿ, ಮಗು ಆಡಿದ ಪದವನ್ನೇ ವೈದ್ಯರಿಗೆ ಹೇಳಿ. ಉರಿ, ಜೋಮು ಎಂದರೆ ನರತಂತುವಿನ (ರಕ್ತನಾಳದ್ದಲ್ಲ) ನೋವು ಇರಬಹುದು. ಅದಕ್ಕೆ ಬೇರೆಯೇ ಔಷಧಿ. ಕನ್ನಡ ಬಾರದ ವೈದ್ಯರಾದರೆ ಆ ಪದ ಅವರಿಗೆ ಮುಟ್ಟಿತೇ ಎಂದು ಸಿಸ್ಟರ್ ಮೂಲಕ ಖಚಿತಪಡಿಸಿಕೊಳ್ಳಿ.

ಮಾರ್ಫಿನ್ ಬರೆದಿದ್ದಾರೆ. ಕೊನೆ ಬಂತು ಅಂತಲೇ?

ಅಲ್ಲ. ಸುಟ್ಟಗಾಯಕ್ಕೂ, ದೊಡ್ಡ ಆಪರೇಷನ್ ಆದ ಮೇಲೂ, ಕ್ಯಾನ್ಸರಿನ ಔಷಧಿಯಾದ ಕೀಮೊದಿಂದ ಬಾಯಿ ಹುಣ್ಣಾಗಿ ಎಂಜಲು ನುಂಗಲಾಗದಿದ್ದಾಗಲೂ ಕೊಡುತ್ತಾರೆ. ನೋವಿಗೆ ತಕ್ಕ ಪ್ರಮಾಣದಲ್ಲಿ ವೈದ್ಯರ ನಿಗಾದಲ್ಲಿ ಕೊಟ್ಟಾಗ ಚಟ ಹತ್ತುವ ಭಯ ಬಹಳ ಕಡಿಮೆ. ಮಲಬದ್ಧತೆ ಮಾತ್ರ ಬಂದೇ ಬರುತ್ತದೆ ಎಂದಿಟ್ಟುಕೊಳ್ಳಿ. ಅದಕ್ಕೆ ಔಷಧಿ ಮೊದಲ ದಿನದಿಂದಲೇ ಕೇಳಿ. ಮಗು ಎಬ್ಬಿಸಿದರೂ ಏಳದಷ್ಟು ಮಂಪರಾದರೆ, ಉಸಿರು ನಿಧಾನವಾದರೆ ತಕ್ಷಣ ಕರೆಯಿರಿ.

ರಕ್ತದ ಕ್ಯಾನ್ಸರಿನ ಚಿಕಿತ್ಸೆ ಶುರುವಾದಾಗಿನಿಂದ ಮಗ ರಾತ್ರಿ ಎರಡಕ್ಕೆ ಎದ್ದು ಅನ್ನ ಕೇಳುತ್ತಾನೆ, ತಟ್ಟೆ ಎಸೆಯುತ್ತಾನೆ. ಇವನು ಹೀಗಿರಲಿಲ್ಲ.

ಅದು ಅವನಲ್ಲ, ಚಿಕಿತ್ಸೆಯಲ್ಲಿ ಕೊಡುವ ಸ್ಟೀರಾಯ್ಡ್ ಔಷಧಿ. ಮೊದಲ ಹಂತದ ಸುಮಾರು ನಾಲ್ಕು ವಾರ ಹಸಿವು, ಸಿಟ್ಟು, ಅಳು, ದುಂಡಗಾದ ಮುಖ ಎಲ್ಲ ಇರುತ್ತದೆ. ಔಷಧಿ ಇಳಿಸಿದಂತೆ ಇಳಿಯುತ್ತದೆ, ನೀವಾಗಿಯೇ ನಿಲ್ಲಿಸಬೇಡಿ. ರಾತ್ರಿಗೆಂದು ಡಬ್ಬಿಯಲ್ಲಿ ಇಡ್ಲಿಯೋ ಚಪಾತಿಯೋ ಇಟ್ಟುಕೊಂಡಿರಿ, ಹಪ್ಪಳ ಉಪ್ಪಿನಕಾಯಿ ಬೇಡ. ಎಸೆದ ತಟ್ಟೆಗೆ ಹೊಡೆತ ಬೇಡ, ಎತ್ತಿಡಲು ಕರೆಯಿರಿ; ನಿಯಮ ಸಡಿಲಬೇಕಾಗಿಲ್ಲ, ದನಿ ಮಾತ್ರ ಮೆತ್ತಗಿರಲಿ.

ಊಟ ಬಿಸಿಯಾಗಿ, ಆಗಷ್ಟೇ ಮಾಡಿದ್ದು. ನೀರು ಕುದಿಸಿ ಆರಿಸಿದ್ದು. ಬಾಳೆ, ಕಿತ್ತಳೆಯಂತಹ ನೀವೇ ಸುಲಿಯುವ ಹಣ್ಣು ಸರಿ. ಕತ್ತರಿಸಿಟ್ಟ ಹಣ್ಣು, ಹಸಿ ಕೋಸಂಬರಿ, ಗಾಡಿಯ ಪಾನಿಪುರಿ ಬೇಡ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಫೋನ್ ಮಾಡಿ ಹೊರಡಿ. ಕೇಳದೆ ಪ್ಯಾರಾಸಿಟಮಾಲ್ ಕೊಟ್ಟರೆ ಜ್ವರ ಮುಚ್ಚಿಹೋಗುತ್ತದೆ, ಒಳಗಿನ ಸೋಂಕು ಮುಚ್ಚಿಹೋಗುವುದಿಲ್ಲ. ಗುದದ್ವಾರದಲ್ಲಿ ಥರ್ಮಾಮೀಟರ್, ಔಷಧಿ, ಎನಿಮಾ ಯಾವುದೂ ಬೇಡ.

ಕೂದಲು ಕೀಮೊ ಶುರುವಾಗಿ ಎರಡು ಮೂರು ವಾರಕ್ಕೆ ಉದುರುತ್ತದೆ. ದಿಂಬಿನ ಮೇಲೆ ಕಂತೆ ಕಂತೆ ಕಾಣುವ ಮೊದಲೇ ಹೇಳಿ, ಬೇಕಾದರೆ ಸಣ್ಣಗೆ ಕತ್ತರಿಸಿ. ಮುಡಿ ಕೊಟ್ಟು ಬಂದ ತಲೆ ನಮ್ಮ ಊರುಗಳಲ್ಲಿ ಯಾರಿಗೂ ಹೊಸದಲ್ಲ, ಅದು ಸಣ್ಣ ಮಕ್ಕಳಿಗೆ ಸಮಾಧಾನವಾದೀತು. ಹನ್ನೆರಡು ವರ್ಷದ ಹುಡುಗಿಗೆ ಆ ಮಾತು ಸಾಲದು. ಅವಳಿಗೆ ಸ್ಕಾರ್ಫ್ ಬೇಕೋ ಟೋಪಿಯೋ, ಫೋಟೊ ಯಾರಿಗೆ ಕಳಿಸಬೇಕು, ಯಾರಿಗೆ ಬೇಡ, ಅವಳೇ ಹೇಳಲಿ.

ಕ್ಯಾನ್ಸರ್ ಅನ್ನುವ ಮಾತನ್ನೇ ಮಗುವಿನ ಮುಂದೆ ಎತ್ತಬಾರದು ಅಂತ ಅಜ್ಜ ಹೇಳುತ್ತಾರೆ.

ಹತ್ತು ವರ್ಷದ ಮಗು ವಾರ್ಡಿನ ಬಾಗಿಲಿನ ಬೋರ್ಡು ಓದುತ್ತದೆ. ನೀವು ಹೇಳದಿದ್ದರೆ ಪಕ್ಕದ ಹಾಸಿಗೆಯ ಹುಡುಗ ಹೇಳುತ್ತಾನೆ. ಆಮೇಲೆ ಮಗು ನಿಮ್ಮನ್ನು ಕೇಳುವುದಿಲ್ಲ, ನಿಮಗೆ ನೋವಾಗುತ್ತದೆ ಎಂದು ತಾನೇ ನುಂಗಿಕೊಳ್ಳುತ್ತದೆ. ಅಜ್ಜನಿಗೆ ವೈದ್ಯರ ಬಾಯಿಂದಲೇ ಇದನ್ನು ಹೇಳಿಸಿ. ಮಗುವಿಗೆ ಹೇಳುವಾಗ ಹೆಸರು, ಚಿಕಿತ್ಸೆ, ಮುಂದಿನ ವಾರ ಏನು, ಇಷ್ಟು ಸಾಕು. "ನಾನು ಸಾಯ್ತೀನಾ?" ಎಂದು ಕೇಳಿದರೆ "ಛೇ, ಬಿಡ್ತು ಅನ್ನು" ಎಂದು ಬಾಯಿ ಮುಚ್ಚಿಸಬೇಡಿ. "ಯಾಕೆ ಹಾಗನ್ನಿಸಿತು?" ಎಂದು ಕೇಳಿ. ಎಷ್ಟೋ ಸಲ ಹಿಂದಿನ ರಾತ್ರಿ ಎದುರಿನ ಹಾಸಿಗೆ ಖಾಲಿಯಾದದ್ದನ್ನು ಅದು ನೋಡಿರುತ್ತದೆ. ಅದರ ಬಗ್ಗೆ ಮಾತಾಡಬೇಕಾಗಿರುತ್ತದೆ.

ಊರಲ್ಲಿ ದೊಡ್ಡವಳನ್ನು ಅಜ್ಜಿಯ ಹತ್ತಿರ ಬಿಟ್ಟಿದ್ದೇವೆ. ಫೋನಿಗೇ ಬರುವುದಿಲ್ಲ.

ಮುನಿಸು, ಜೊತೆಗೆ ಭಯ. ತಮ್ಮನಿಗೆ ಹೊಡೆದಿದ್ದರಿಂದಲೇ ಹೀಗಾಯಿತೋ ಎಂಬ ಯೋಚನೆ ಅವಳಿಗಿರಬಹುದು. ಅಂಟುರೋಗವಲ್ಲದಿದ್ದರೆ ಅದನ್ನೂ ಹೇಳಿ. ದಿನಾ ಒಂದೇ ಹೊತ್ತಿಗೆ, ರಾತ್ರಿ ಎಂಟಕ್ಕೆ ಎನ್ನಿ, ಐದು ನಿಮಿಷ ಅವಳದೇ ಮಾತು: ಶಾಲೆ, ಕರು, ಜಗಳ. ತಮ್ಮನ ಸುದ್ದಿ ಅವಳೇ ಕೇಳಿದರೆ ಮಾತ್ರ.

ಶಾಲೆ ತಪ್ಪುತ್ತಿದೆ. ಹೆಸರು ತೆಗೆದುಬಿಡುತ್ತಾರಾ?

ಶಿಕ್ಷಣ ಹಕ್ಕು ಕಾಯ್ದೆ 2009ರ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ದಾಖಲಾದ ವಾರದಲ್ಲೇ ಆಸ್ಪತ್ರೆಯಿಂದ ಒಂದು ಪತ್ರ ಬರೆಸಿ ಹೆಡ್ ಮೇಷ್ಟ್ರಿಗೆ ವಾಟ್ಸ್ಯಾಪ್ ಮಾಡಿ, ಮೂಲಪ್ರತಿ ನಿಮ್ಮ ಹತ್ತಿರ ಇರಲಿ. ವಾರ್ಡಿನಲ್ಲಿ ದಿನಕ್ಕೆ ಇಪ್ಪತ್ತು ನಿಮಿಷ ಮಗ್ಗಿ, ಓದು ನಡೆಸಿ. ಪಾಠ ಮುಂದೆ ಹೋಗಲೆಂದಷ್ಟೇ ಅಲ್ಲ: ಪುಸ್ತಕ ತೆಗೆಸುತ್ತಾರೆ ಎಂದರೆ ತಾನು ವಾಪಸ್ ಹೋಗುತ್ತೇನೆ ಎಂದು ಮಗುವಿಗೆ ಖಾತ್ರಿಯಾಗುತ್ತದೆ.

ಖರ್ಚಿಗೆ ಯಾವ ಯೋಜನೆ ಇದೆ? ಕಾಗದ ಏನೇನು ಬೇಕು?

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ದರ) ಶೇ. 30, ವರ್ಷಕ್ಕೆ 1.5 ಲಕ್ಷದವರೆಗೆ. ರೇಷನ್ ಕಾರ್ಡು, ಆಧಾರ್, ಮೊದಲೇ ಗೊತ್ತಾದ ದೊಡ್ಡ ಚಿಕಿತ್ಸೆಯಾದರೆ ತಾಲ್ಲೂಕು ಅಥವಾ ಜಿಲ್ಲಾಸ್ಪತ್ರೆಯ ರೆಫರಲ್ ಪತ್ರ. ತುರ್ತಾದರೆ ರೆಫರಲ್‌ಗಾಗಿ ಕಾಯಬೇಡಿ. ಆಸ್ಪತ್ರೆಯ ಒಳಗೆ ಕಾಲಿಟ್ಟ ದಿನವೇ ಯೋಜನೆಯ ಸಹಾಯಕರಾದ "ಆರೋಗ್ಯ ಮಿತ್ರ" ಕುಳಿತಿರುವ ಮೇಜನ್ನು ಹುಡುಕಿ. ಹೆಚ್ಚಿನವರು ಎಡವುವುದು ಇಲ್ಲಿ: ಮೊದಲು ದುಡ್ಡು ಕಟ್ಟಿ ಸೇರಿಸಿ, ಬಿಡುಗಡೆಯ ದಿನ ಕಾರ್ಡು ತೋರಿಸುತ್ತಾರೆ. ಯೋಜನೆಯ ಒಪ್ಪಿಗೆ ಚಿಕಿತ್ಸೆಗೆ ಮೊದಲೇ ಆಗಬೇಕು. ಇನ್ನೊಂದು ತೊಡಕು, ಚಿಕ್ಕ ಮಗುವಿನ ಹೆಸರು ರೇಷನ್ ಕಾರ್ಡಿಗೆ ಸೇರಿರುವುದೇ ಇಲ್ಲ. ಜನನ ಪ್ರಮಾಣಪತ್ರ ಜೊತೆಗಿರಲಿ.

ಹುಟ್ಟಿನಿಂದ ಬಂದ ಹೃದಯದ ತೂತು, ಸೀಳುತುಟಿ, ತಿರುಚಿದ ಪಾದ ಇವಕ್ಕೆ 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ, ಹುಟ್ಟಿನಿಂದ 18 ವರ್ಷದವರೆಗೆ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರುವ ತಂಡ ಅದರದ್ದೇ. ಆಶಾ ಕಾರ್ಯಕರ್ತೆಯನ್ನು ಕೇಳಿ.

ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ ಚಿಕಿತ್ಸೆಗೆ ಹೋಗಿಬರಲು ಸ್ಲೀಪರ್ ಮತ್ತು 3 ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗಿರುವ ಒಬ್ಬರಿಗೆ ಶೇ. 75. ಆಸ್ಪತ್ರೆಯ ಸೀಲಿರುವ ಫಾರ್ಮ್ ಬೇಕು, ಟಿಕೆಟ್ ಕೌಂಟರಿನಲ್ಲೇ ತೆಗೆಸಬೇಕು, ಆನ್‌ಲೈನಿನಲ್ಲಿ ಸಿಗದು. ತಲಸ್ಸೇಮಿಯಾ (ಒಂದು ರಕ್ತದ ಕಾಯಿಲೆ), ಹೃದಯದ ಆಪರೇಷನ್, ಡಯಾಲಿಸಿಸ್‌ಗೂ ಶೇ. 75 ಇದೆ. ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಶಕ್ತಿ ಯೋಜನೆಯಡಿ ತಾಯಿಗೆ ಟಿಕೆಟ್ ಉಚಿತ.

ನಾನು ಮೂರು ದಿನದಿಂದ ಸರಿಯಾಗಿ ಉಂಡಿಲ್ಲ. ಮಗು ಹೀಗಿರುವಾಗ ಹೇಗೆ ಉಣ್ಣಲಿ?

ಉಣ್ಣದ ತಾಯಿ ವೈದ್ಯರು ಹೇಳಿದ್ದನ್ನು ಅರ್ಧ ಮರೆಯುತ್ತಾಳೆ, ಔಷಧಿಯ ಹೊತ್ತು ತಪ್ಪಿಸುತ್ತಾಳೆ. ಹಾಲೂಡುವವಳಾದರೆ ಅವಳು ಉಂಡು, ನೀರು ಕುಡಿದು, ಮಲಗುವುದೂ ಕೂಸಿನ ಆರೈಕೆಯೇ. ಇಂದಿರಾ ಕ್ಯಾಂಟೀನ್ ಹತ್ತಿರದಲ್ಲಿದೆಯೇ ನೋಡಿ. ತಂಗಲು ಧರ್ಮಶಾಲೆ ಇದೆಯೇ ಎಂದು ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕೇಳಿ. ಕಿದ್ವಾಯಿ ಆವರಣದಲ್ಲಿ ಇದೆ. ಎರಡು ರಾತ್ರಿಗೊಮ್ಮೆಯಾದರೂ ಪಾಳಿ ಬದಲಿಸಿ, ಅಪ್ಪ ಹಾಸಿಗೆ ಪಕ್ಕ ಇರಲಿ. ಸ್ನಾನ ಮಾಡಿಸಲು, ಡೈಪರಿಗೆ, ಔಷಧಿಗೆ ಅಪ್ಪನೂ ಪಳಗಲಿ. ಬಿಲ್ಲು ಕಟ್ಟಲು ಓಡಾಡುವುದಷ್ಟೇ ಅವನ ಕೆಲಸವಲ್ಲ.

ನಿದ್ದೆಯೇ ಬಾರದು, ಎದೆ ಹೊಡೆದುಕೊಳ್ಳುತ್ತದೆ, ಸಾಯುವ ಯೋಚನೆ ಬರುತ್ತದೆ ಎಂದಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ನೆಂಟರು ಬಂದು "ಯಾರ ದೃಷ್ಟಿಯೋ, ಯಾರ ಪಾಪವೋ" ಅನ್ನುತ್ತಾರೆ.

"ಮಗುವಿಗೆ ಸೋಂಕಾಗಬಾರದು, ಡಾಕ್ಟರ್ ಯಾರನ್ನೂ ಬಿಡಬೇಡಿ ಅಂದಿದ್ದಾರೆ" ಎಂದು ಹೇಳಿ. ಅರ್ಧ ನಿಜವೂ ಹೌದು. ನಿಜವಾಗಿ ನೆರವಾಗಬೇಕೆನ್ನುವವರಿಗೆ ಕೆಲಸ ಕೊಡಿ: ಊರಿನ ದನ ನೋಡಿಕೊಳ್ಳುವುದು, ರಕ್ತ ಕೊಡುವುದು, ಒಗೆದ ಬಟ್ಟೆ ತರುವುದು.

ಮನೆಗೆ ಕಳಿಸುವಾಗ ಔಷಧಿಯಲ್ಲಿ ಎಲ್ಲಿ ತಪ್ಪಾಗುತ್ತದೆ?

ಬಾಟಲಿ ಬದಲಾದಾಗ. ಪ್ಯಾರಾಸಿಟಮಾಲನ್ನೇ ನೋಡಿ. ಡ್ರಾಪ್ಸ್‌ನಲ್ಲಿ 1 ಮಿ.ಲೀ.ಗೆ 100 ಮಿ.ಗ್ರಾಂ. ಒಂದು ಸಿರಪ್‌ನಲ್ಲಿ 5 ಮಿ.ಲೀ.ಗೆ 125, ಇನ್ನೊಂದರಲ್ಲಿ 5 ಮಿ.ಲೀ.ಗೆ 250. ಹತ್ತು ಕಿಲೊ ಮಗುವಿಗೆ 150 ಮಿ.ಗ್ರಾಂ ಬರೆದಿದ್ದರೆ 125ರ ಸಿರಪ್ 6 ಮಿ.ಲೀ., 250ರದ್ದು 3 ಮಿ.ಲೀ., ಡ್ರಾಪ್ಸ್ 1.5 ಮಿ.ಲೀ. "ಆರು ಎಂಎಲ್" ಎಂದಷ್ಟೇ ನೆನಪಿಟ್ಟು ಡ್ರಾಪ್ಸ್ ಬಾಟಲಿಯಿಂದ ಆರು ಕೊಟ್ಟರೆ 600 ಮಿ.ಗ್ರಾಂ, ನಾಲ್ಕು ಪಟ್ಟು. ಪದೇ ಪದೇ ಹೀಗಾದರೆ ಯಕೃತ್ತು ಕೆಡುತ್ತದೆ. ಹೊರಡುವ ಮುಂಚೆ ನರ್ಸ್ ಎದುರೇ ಸಿರಿಂಜಿನಲ್ಲಿ ಎಳೆದು ತೋರಿಸಿ, ಆ ಗೆರೆಯ ಮೇಲೆ ಪೆನ್ನಿನಿಂದ ಗುರುತು ಹಾಕಿಸಿಕೊಳ್ಳಿ. ಅಡುಗೆಮನೆಯ ಚಮಚ ಬೇಡ, ಒಂದೊಂದು ಮನೆಯದು ಒಂದೊಂದು ಅಳತೆ. ಅಂಗಡಿಯವರು ಬೇರೆ ಕಂಪನಿಯ ಬಾಟಲಿ ಕೊಟ್ಟರೆ ಲೇಬಲ್ಲಿನ ಫೋಟೊ ತೆಗೆದು ವಾರ್ಡಿಗೆ ಕಳಿಸಿ ಕೇಳಿ.

ಮನೆಗೆ ಬಂದಮೇಲೆ ಹಾಸಿಗೆಯಲ್ಲಿ ಮೂತ್ರ ಮಾಡುತ್ತಾಳೆ, ನನ್ನನ್ನು ಬಿಟ್ಟು ಅಲ್ಲಾಡುವುದಿಲ್ಲ, ಗೊಂಬೆಗೆ ದಿನವಿಡೀ ಇಂಜೆಕ್ಷನ್ ಚುಚ್ಚುತ್ತಾಳೆ.

ಮೂರೂ ಆಗುವಂಥದ್ದೇ. ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ; ಒಂದು ತಿಂಗಳು ದಾಟಿದರೆ, ಊಟ ನಿದ್ದೆ ಕೆಟ್ಟರೆ ಮುಂದಿನ ಭೇಟಿಯಲ್ಲಿ ವೈದ್ಯರಿಗೆ ಹೇಳಿ. ಮೂತ್ರ ಮಾಡುವಾಗ ಉರಿಯೋ ಜ್ವರವೋ ಇದ್ದರೆ ಮಾತ್ರ ಕಾಯಬೇಡಿ, ಅದು ಸೋಂಕಿರಬಹುದು. ಹಾಸಿಗೆ ಒದ್ದೆಯಾದದ್ದಕ್ಕೆ ಬೈಯಬೇಡಿ, ನೆರೆಯವರ ಮುಂದೆ ಆಡಿಕೊಳ್ಳಬೇಡಿ. ಅಡುಗೆಮನೆಗೆ ಹೋಗುವಾಗಲೂ "ಹಾಲು ಕಾಯಿಸಿ ಬರ್ತೀನಿ" ಎಂದು ಹೇಳಿ ಹೋಗಿ, ಕಣ್ಣು ತಪ್ಪಿಸಿ ಹೋಗಬೇಡಿ. ಗೊಂಬೆಯ ವಿಷಯದಲ್ಲಿ ಅಡ್ಡ ಬರಬೇಡಿ. ಸೂಜಿಯಿಲ್ಲದ ಹೊಸ ಸಿರಿಂಜ್, ಒಂದು ತುಂಡು ಬ್ಯಾಂಡೇಜ್ ಕೊಟ್ಟು, ಪಕ್ಕದಲ್ಲಿ ಕುಳಿತು, ಗೊಂಬೆಗೆ ಏನಾಗಿದೆ ಡಾಕ್ಟರೇ ಎಂದು ಕೇಳಿ. ಅವಳು ಹೇಳುತ್ತಾಳೆ.